ಅಂಟಿನ ಅಮಲು

ಅಮಲೆಂದೊಡನೆ ನಮ್ಮ ಗ್ರಾಮಗಳಲ್ಲಿ ಹೆಂಡ, ಸಾರಾಯಿ, ಗಾಂಜಾ ಎಂಬಿವೇ ಜ್ಞಾಪಕಕ್ಕೆ ಬರುವವು. ಮಗನ ಬಾಯಲ್ಲಿ ಹೆಂಡದ ನಾತವಿಲ್ಲದಿದ್ದರೆ ತಾಯಿಯು ನಿಶ್ಚಿಂತೆಯಿಂದ ಮಲಗುವಳು. ಆದರೆ ಹೆಂಡದಂಗಡಿಯ ಮೆಟ್ಟಲನ್ನು ಎಂದೂ ಹತ್ತದ ಹುಡುಗನು ಸೈಕಲಿನ ಟ್ಯೂಬಿಗೆ ತೇಪೆ ಹಚ್ಚುವ ಅಂಟಿನಿಂದಲೇ ಕೆಡಬಹುದೆಂಬದನ್ನು ಬಹು ಮಂದಿ ಅರಿಯರು. 2019ನೇ ಇಸವಿಯಲ್ಲಿ ಪ್ರಕಟವಾದ ಸರಕಾರದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ, 10ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ 1.17 ಪಾಲು ಇಂಥ ವಸ್ತುಗಳನ್ನು ಮೂಸುತ್ತಿದ್ದರು, ದೊಡ್ಡವರಲ್ಲಿ 0.58 ಪಾಲು ಮಾತ್ರ. ಮಕ್ಕಳ ಪಾಲು ದೊಡ್ಡವರದಕ್ಕಿಂತ ಹೆಚ್ಚಾಗಿ ಕಂಡದ್ದು ಈ ಒಂದು ಅಮಲಿನಲ್ಲಿಯೇ. ಅದು ಅಗ್ಗವಾಗಿ ದೊರೆಯುವದು. ಕೊಳ್ಳುವ ಹುಡುಗನನ್ನು ಯಾಕೆಂದು ಕೇಳುವವರೂ ಇಲ್ಲ.

ಪಂಕ್ಚರ್ ಅಂಟು, ಬಣ್ಣ ತೆಳುಮಾಡುವ ಥಿನ್ನರ್ ಮೊದಲಾದವುಗಳಲ್ಲಿ ಟಾಲ್ವೀನ್ ಎಂಬ ದ್ರವವಿರುವದುಂಟು. ಇದರ ಆವಿಯು ಶ್ವಾಸಕೋಶದಿಂದ ರಕ್ತಕ್ಕೂ ಅಲ್ಲಿಂದ ಕ್ಷಣಮಾತ್ರದಲ್ಲಿ ಮಿದುಳಿಗೂ ಏರುವದು. ಅಮಲು ಬೇಗನೆ ಇಳಿಯುವದರಿಂದ ಹುಡುಗನು ಮತ್ತೆ ಮತ್ತೆ ಮೂಸುವನು. ಬಹುಕಾಲ ಹೀಗೆ ಮಾಡಿದವನಿಗೆ ಜ್ಞಾಪಕಶಕ್ತಿ ಕುಂದುವದು, ನಡಿಗೆ ತಪ್ಪುವದು, ಮೂತ್ರಪಿಂಡಗಳೂ ಕೆಡುವವು.

ಇದನ್ನು ಗುರುತಿಸುವದು ಹೇಗೆ? ಉಸಿರಿನಲ್ಲಿಯೂ ಅಂಗಿಯಲ್ಲಿಯೂ ಅಂಟಿನ ಘಾಟು, ಬಾಯಿ ಮೂಗುಗಳ ಸುತ್ತ ಹುಣ್ಣು, ಕೆಂಪಾಗಿ ನೀರೊಸರುವ ಕಣ್ಣು, ತೊದಲು ಮಾತು, ಊಟದಲ್ಲಿ ಬೇಸರ, ಹಾಸಿಗೆಯಡಿ ಬಚ್ಚಿಟ್ಟ ಚಿಂದಿ, ಖಾಲಿಯಾದ ಅಂಟಿನ ಕೊಳವೆಗಳು. ಇವುಗಳಲ್ಲಿ ಎರಡು ಮೂರು ಕೂಡಿ ಕಂಡರೆ ವಿಚಾರಿಸತಕ್ಕದ್ದು. ಒಂದನ್ನೇ ಕಂಡು ದೂರು ಹೊರಿಸಬಾರದು. ಪಂಕ್ಚರ್ ಅಂಗಡಿಯಲ್ಲಿ ದುಡಿಯುವ ಹುಡುಗನ ಬಟ್ಟೆ ನಾರದೆ ಇನ್ನೇನಾದೀತು?

ಮೂಸುತ್ತಿರುವಾಗಲೇ ಅವನು ಸಿಕ್ಕಿದರೆ ಗದರಿಸಬೇಡಿರಿ, ಬೆನ್ನಟ್ಟಬೇಡಿರಿ. ಈ ಮಾತನ್ನು ನಾವು ಒತ್ತಿ ಹೇಳುವದಕ್ಕೆ ಕಾರಣವುಂಟು. ಆ ಆವಿಯು ಹೃದಯವನ್ನು ಎಷ್ಟು ಸೂಕ್ಷ್ಮವಾಗಿ ಮಾಡುವದೆಂದರೆ, ಹೆದರಿಕೆಯಾದಾಗ ಇಲ್ಲವೆ ಓಡಿದಾಗ ಅದರ ಬಡಿತವು ದಿಕ್ಕುಗೆಟ್ಟು ಒಮ್ಮೆಲೇ ನಿಂತುಹೋಗಬಹುದು. ಮೊದಲನೆಯ ಸಲ ಮೂಸಿದವನೂ ಹಾಗೆ ಸತ್ತದ್ದುಂಟು. ಹಲವು ವರುಷಗಳ ಹಿಂದೆ ನಾವೇ ಶಾಲೆಯ ಹಿಂಬದಿಯಲ್ಲಿ ಅಂಥ ಒಬ್ಬ ಹುಡುಗನನ್ನು ಕಂಡು, ಬೆತ್ತ ಹಿಡಿದು ಗದ್ದೆಯ ಅಂಚಿನ ತನಕ ಅಟ್ಟಿದೆವು. ಆಗ ಅದನ್ನು ಕರ್ತವ್ಯವೆಂದು ಎಣಿಸಿದ್ದೆವು. ಅವನು ಬದುಕಿ ಉಳಿದದ್ದು ನಮ್ಮ ಜಾಣತನದಿಂದಲ್ಲ.

ಆದದರಿಂದ ಮೆಲ್ಲನೆ ಮಾತಾಡಿ ಅವನನ್ನು ಗಾಳಿಯಿರುವಲ್ಲಿ ಕೂರಿಸಿರಿ. ಬೀಡಿ, ದೀಪ, ಒಲೆಗಳನ್ನು ದೂರವಿಡಿರಿ, ಯಾಕಂದರೆ ಆ ಆವಿಗೆ ಬೆಂಕಿ ತಗಲುವದು. ಪ್ರಜ್ಞೆ ತಪ್ಪಿ ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ, ಬಾಯಿಗೆ ನೀರು ಹೊಯ್ಯಬೇಡಿರಿ, 108ಕ್ಕೆ ಕರೆಮಾಡಿರಿ.

ಇನ್ನು ಚಿಕಿತ್ಸೆಯ ವಿಷಯ. ಈ ಚಟವನ್ನು ಬಿಡಿಸುವ ವಿಶೇಷ ಮದ್ದು ಯಾವದೂ ಇಲ್ಲ. ಉಂಟೆಂದು ಪುಡಿ ಮಾರುವವನಿಗೆ ಹಣ ಕೊಡಬೇಡಿರಿ. ಬಿಟ್ಟ ಮೊದಲ ದಿನಗಳಲ್ಲಿ ಸಿಡುಕು, ತಲೆನೋವು, ನಿದ್ದೆಗೇಡು ಕಾಣಬಹುದು. ಅದಕ್ಕಾಗಿ ಕೋಣೆಯಲ್ಲಿ ಕೂಡಿಹಾಕುವದಾಗಲಿ ಸಭೆಯ ಮುಂದೆ ನಿಲ್ಲಿಸಿ ತಪ್ಪೊಪ್ಪಿಸುವದಾಗಲಿ ಕೂಡದು. ಹೀಗೆ ನಾಚಿಕೆಪಟ್ಟವನು ಮುಂದೆ ಯಾರಿಗೂ ಬಾಯಿಬಿಡನು. ಹುಡುಗನ ಸಂಗಡ ಸಮಾಧಾನದಿಂದ ಕೂತು, ಅಮಲಿನ ಹಿಂದೆ ಇರುವ ದುಃಖವೇನೆಂದು ವಿಚಾರಿಸುವದೇ ಚಿಕಿತ್ಸೆಯ ದೊಡ್ಡ ಪಾಲು. ನಾವು ಬೆತ್ತದಿಂದ ಅಟ್ಟಿದವನು ಏಳನೆಯ ತರಗತಿಯಲ್ಲಿದ್ದರೂ ಒಂದು ಸಾಲನ್ನು ಓದಲಾರದವನಾಗಿದ್ದನು. ಪ್ರತಿದಿನ ಅದಕ್ಕಾಗಿ ನಗೆಗೀಡಾಗುತ್ತಿದ್ದನು. ಇದನ್ನು ತಿಳಿಯಲು ನಮಗೆ ಎರಡು ವರುಷ ಬೇಕಾಯಿತು.

ಇಂಥದನ್ನು ಬಿಡಿಸಿ ಕೇಳುವ ಶಿಕ್ಷಣ ಪಡೆದವರು ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿಯೂ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ, ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಇದ್ದಾರೆ. ಪಯಣಕ್ಕೆ ಅನುಕೂಲವಿಲ್ಲದವರು ಅಮಲಿನ ವಿಷಯದಲ್ಲಿ 14446ಕ್ಕೂ, ಮನೋವ್ಯಥೆಯ ವಿಷಯದಲ್ಲಿ 14416ಕ್ಕೂ ಖರ್ಚಿಲ್ಲದೆ ಕರೆಮಾಡಬಹುದು. ಕೆಲವು ತಿಂಗಳು ಬಿಟ್ಟಿದ್ದವನು ಪುನಃ ಮೂಸಿದರೆ ಪಟ್ಟ ಕಷ್ಟವೆಲ್ಲ ವ್ಯರ್ಥವಾಯಿತೆಂದು ಎಣಿಸದೆ, ಆ ವಾರದಲ್ಲಿಯೇ ಅವನನ್ನು ಅದೇ ವೈದ್ಯರ ಬಳಿಗೆ ತಿರಿಗಿ ಕರಕೊಂಡು ಹೋಗತಕ್ಕದ್ದು.