ಪಾನಕದ ಗಾಡಿ

ಪುಟ್ಟಿ,

ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಈ ಸಲ ಬರ್ತೀನಿ, ಕಾರು ಎಲ್ಲಿವರೆಗೆ ಹೋಗುತ್ತೆ ಅಂತ ಕೇಳಿದ್ದೀಯ. ಕಾರಿಗೇನು, ದೇವಸ್ಥಾನದ ಹತ್ತಿರದವರೆಗೂ ಬರುತ್ತೆ. ನಾವು ಹುಡುಗರಾಗಿದ್ದಾಗ ಮಾತ್ರ ಜಾತ್ರೆಯಲ್ಲಿ ಮುಕ್ಕಾಲು ಪಾಲು ದಾರಿಯಲ್ಲೇ ಆಗಿಹೋಗುತ್ತಿತ್ತು.

1945ರಲ್ಲಿ ಯುದ್ಧ ಮುಗಿದರೂ ಕಂಟ್ರೋಲು ಮುಗಿದಿರಲಿಲ್ಲ. ಕಾಳುಕಡ್ಡಿ, ಬಟ್ಟೆ, ಸೀಮೆಎಣ್ಣೆ ಎಲ್ಲಕ್ಕೂ ಪರದಾಟ. ಬುಡ್ಡಿಯ ಬತ್ತಿ ಇಳಿಸಿಕೊಂಡೇ ಬೆಳೆದ ಹುಡುಗರಿಗೆ ಅಂಗಡಿ ಸಾಲಿನ ಗ್ಯಾಸ್‌ಲೈಟು ಕಂಡರೇ ಸಾಕು, ಬೆಂಡು ಬತ್ತಾಸಿನ ನೆನಪು ಆಮೇಲೆ.

ಗಾಡಿ ಕಟ್ಟುವ ಗಲಾಟೆ ವಾರಕ್ಕೆ ಮುಂಚೆಯೇ ಶುರು. ಅಚ್ಚಿಗೆ ಕೀಲೆಣ್ಣೆ, ಬಿದಿರಿನ ಕಮಾನಿಗೆ ಚಾಪೆ, ಅಡಿಗೆ ಮೊಣಕಾಲುದ್ದ ಹುಲ್ಲು, ಅದರ ಮೇಲೆ ಕೌದಿ. ಎತ್ತಿನ ಕೊಂಬು ಹೆರೆದು ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟುವಾಗ ನಮ್ಮಪ್ಪ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಬೆಲ್ಲ, ಏಲಕ್ಕಿ, ಮೆಣಸು ಹಾಕಿ ಕಲಸಿದ ಪಾನಕವನ್ನು ಹಿತ್ತಾಳೆ ಕೊಳಗಕ್ಕೆ ತುಂಬಿ, ಬಾಯಿಗೆ ಒದ್ದೆ ಬಟ್ಟೆ ಬಿಗಿಯುತ್ತಿದ್ದರು. ದಾರಿಯಲ್ಲಿ ಗಾಡಿಗಳು ಪೈಪೋಟಿಗೆ ಬಿದ್ದು ಓಡಿದರೆ ಕೊಳಗ ಅಪ್ಪಿ ಹಿಡಿಯುವುದು ನನ್ನ ಕೆಲಸ. ಮೈಯೆಲ್ಲ ಅಂಟು, ಅದರ ಮೇಲೆ ಧೂಳು!

ಹೋರಿಗಳೇನು ಸಾಮಾನ್ಯವೇ? ಹೈದರಾಲಿ, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಅಮೃತಮಹಲ್ ತಳಿ. ಅಜ್ಜಂಪುರದ ಕಾವಲಿನ ಬಯಲಲ್ಲಿ ಬೆಳೆದವು ಹೊಸಬರನ್ನು ಕಂಡರೆ ನುಗ್ಗಿ ಬರುತ್ತಿದ್ದವು. ಪಳಗಿಸಿ ನೊಗಕ್ಕೆ ಹೂಡುವಷ್ಟರಲ್ಲಿ ಒಬ್ಬರದಾದರೂ ಸೊಂಟ ಉಳುಕಿರುತ್ತಿತ್ತು.

ನಿನ್ನ ಮುತ್ತಜ್ಜಿಗೆ ಇದ್ಯಾವುದೂ ಬೇಡ. ಅವಳ ತಂಗಿಯನ್ನು ಕೊಟ್ಟದ್ದು ತರೀಕೆರೆ ಕಡೆಗೆ; ಇಬ್ಬರೂ ಮುಖ ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ, ಇದೇ ಜಾತ್ರೆಯಲ್ಲಿ. ದೇವಿಗೆ ಕೈ ಮುಗಿದದ್ದು ಒಂದು ಗಳಿಗೆಯಾದರೆ ಗಾಡಿಯ ಮರೆಯಲ್ಲಿ ಮಂಡಕ್ಕಿ ಮೆಲ್ಲುತ್ತಾ ಕೂತದ್ದು ಬೆಳಗಿನ ಜಾವದವರೆಗೆ. ಅತ್ತೆ, ಸಾಲ, ಸತ್ತ ಕೂಸು, ಮೂಗುತಿ ಎಲ್ಲ ಅಲ್ಲೇ ಮಾತಾಗುತ್ತಿತ್ತು. ಭಕ್ತಿ ಕಡಿಮೆ ಅಂತಲ್ಲ. ಹೆಂಗಸರು ಹೊಸಿಲು ದಾಟಲು ಅಮ್ಮನ ಹೆಸರಿಗಿಂತ ಗಟ್ಟಿ ನೆಪ ಆ ಕಾಲದಲ್ಲಿ ಇನ್ನೊಂದಿರಲಿಲ್ಲ. ಹಿಂದಿನವರು ಬಹಳ ದೈವಭಕ್ತರು ಅಂತ ಯಾರಾದರೂ ಭಾಷಣ ಬಿಗಿದರೆ ನನಗೆ ನಗು ಬರುವುದು ಅದಕ್ಕೇ.

ಕಾರು ಮನೆ ಮುಂದೆಯೇ ನಿಲ್ಲಿಸು. ಪಕ್ಕದ ಮನೆಯವರ ಗಾಡಿ ಹೊರಡುತ್ತೆ, ನಿನಗೊಂದು ಜಾಗ ಹೇಳಿಟ್ಟಿದ್ದೀನಿ. ನಿನ್ನ ಚಿಕ್ಕಮ್ಮನ ಮಗಳನ್ನೂ ಕರೆದುಕೊಂಡು ಬಾ. ನೀವಿಬ್ಬರೂ ಕೂತು ಮಾತಾಡಿ ಎಷ್ಟು ವರ್ಷವಾಯಿತೋ. ಹಳೇ ಬಟ್ಟೆ ಹಾಕಿಕೊಳ್ಳಿ. ಫೋಟೋ ತೆಗೆಯುವ ಹುರುಪಿನಲ್ಲಿ ಹೋರಿಗಳ ಎದುರಿಗೆ ಮಾತ್ರ ನಿಲ್ಲಬೇಡಿ.

ಇಂತಿ,
ನಿನ್ನ ಅಜ್ಜ