ಕೋಲಾರದ ಮಕಬರಾ

ಕೋಲಾರವೆಂದೊಡನೆ ಹೊರಗಿನವರಿಗೆ ನೆನಪಾಗುವುದು 2001ರಲ್ಲಿ ಮುಚ್ಚಿಹೋದ ಚಿನ್ನದ ಗಣಿ. ಊರನ್ನು ಕಾಣಬಂದವರು ಕೋಲಾರಮ್ಮನ ಗುಡಿಯನ್ನೂ ಸೋಮೇಶ್ವರ ದೇವಾಲಯವನ್ನೂ ನೋಡಿ ಹಿಂದಿರುಗುವುದುಂಟು. ಅದೇ ಊರಿನಲ್ಲಿ ಹೈದರಾಲಿಯ ಮನೆತನಕ್ಕೆ ಸೇರಿದ ಒಂದು ಮಕಬರಾ ಇದೆ. ಮಕಬರಾ ಎಂದರೆ ಸಮಾಧಿಯ ಮಂದಿರ. ಹೈದರನ ತಂದೆ ಫತೆ ಮಹಮ್ಮದ್ ಇಲ್ಲಿ ಮಣ್ಣಾಗಿದ್ದಾನೆ.

ಈ ಮನೆತನದ ಪೂರ್ವಕಥೆಯನ್ನು ಇತಿಹಾಸಕಾರ ವಿಲ್ಕ್ಸ್ ವಿವರವಾಗಿ ಬರೆದಿಟ್ಟಿದ್ದಾನೆ. ಅವನ ಹೇಳಿಕೆಯಂತೆ, ಪಂಜಾಬಿನಿಂದ ಬಂದು ಕಲಬುರಗಿ ಸೀಮೆಯ ಆಳಂದದಲ್ಲಿ ನೆಲಸಿದ್ದ ಒಂದು ಕುಟುಂಬದ ಇಬ್ಬರು ಸೋದರರು ಹೊಟ್ಟೆಪಾಡಿಗಾಗಿ ಶಿರಾಕ್ಕೆ ಬಂದು, ಸುಂಕದ ಕಟ್ಟೆಯಲ್ಲಿ ಜವಾನರಾಗಿ ದುಡಿದು, ಬಳಿಕ ಕೋಲಾರವನ್ನು ಸೇರಿದರು. ಅವರಲ್ಲಿ ಮಹಮ್ಮದ್ ಅಲಿ ಎಂಬುವನು ಕೋಲಾರದಲ್ಲಿ ತೀರಿಕೊಂಡಾಗ, ಮತ್ತೊಬ್ಬನು ಸತ್ತವನ ಆಸ್ತಿಯನ್ನು ಕೈವಶ ಮಾಡಿಕೊಂಡು ವಿಧವೆಯನ್ನೂ ಆಕೆಯ ಮಗನನ್ನೂ ಮನೆಯಿಂದ ಹೊರದೂಡಿದನು. ದಿಕ್ಕುಗೆಟ್ಟ ಆ ತಾಯಿಮಕ್ಕಳಿಗೆ ಕೋಲಾರದ ಒಬ್ಬ ನಾಯಕನು ಆಶ್ರಯವಿತ್ತನು. ಹೀಗೆ ಪರರ ಮನೆಯಲ್ಲಿ ಬೆಳೆದ ಹುಡುಗನೇ ಫತೆ ಮಹಮ್ಮದ್. ಆಳಾಗಿ ಸೇರಿದವನು ಗಂಜಿಕೋಟೆಯ ಮುತ್ತಿಗೆಯಲ್ಲಿ ತೋರಿದ ಪರಾಕ್ರಮದಿಂದ ಮೇಲೇರಿದನು. ಮುಂದೆ ಶಿರಾದ ಸುಬೇದಾರನ ಅಧೀನದಲ್ಲಿ ಕೋಲಾರದ ಫೌಜುದಾರನಾಗಿ, ಬೂದಿಕೋಟೆಯನ್ನು ಜಹಗೀರಿಯಾಗಿ ಪಡೆದನು. ಹೈದರನು ಹುಟ್ಟಿದ್ದು ಆ ಬೂದಿಕೋಟೆಯಲ್ಲಿ. ಮಗನಿನ್ನೂ ಚಿಕ್ಕವನಾಗಿದ್ದಾಗಲೇ ತಂದೆ ಯುದ್ಧದಲ್ಲಿ ಮಡಿದನು.

ಐದು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಮಗನೂ ತಂದೆಯ ಬಳಿಗೆ ಬಂದನು. ಆದರೆ ಆ ಬರವು ಯಾರಿಗೂ ತಿಳಿಯದಂತೆ ನಡೆಯಿತು. ಇಂಗ್ಲಿಷರೊಡನೆ ಯುದ್ಧ ಸಾಗುತ್ತಿದ್ದಾಗ, 1782ನೆಯ ಇಸವಿ ಡಿಸೆಂಬರ್ 7ರಂದು, ಚಿತ್ತೂರಿನ ಸಮೀಪದ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿ ಬೆನ್ನುಹುಣ್ಣಿನಿಂದ ಮರಣಹೊಂದಿದನು. ಮಗ ಟಿಪ್ಪು ಆಗ ದೂರದ ಮಲಬಾರಿನಲ್ಲಿದ್ದನು. ಒಡೆಯನಿಲ್ಲವೆಂಬ ಸುದ್ದಿ ಹಬ್ಬಿದರೆ ಆ ಮಹಾಸೈನ್ಯ ಚದುರಿಹೋಗುವ ಭಯವಿತ್ತು. ಪೂರ್ಣಯ್ಯ, ಕೃಷ್ಣರಾವ್ ಮೊದಲಾದ ಅಧಿಕಾರಿಗಳು ಸಾವನ್ನು ಗುಟ್ಟಾಗಿಟ್ಟು, ದಿನದಿನದ ಆಡಳಿತವನ್ನು ಎಂದಿನಂತೆಯೇ ನಡೆಸಿದರು. ಕಳೇಬರವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಹಣವನ್ನು ಸಾಗಿಸುವವರಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿ, ಫತೆ ಮಹಮ್ಮದನ ಸಮಾಧಿಯ ಬಳಿ ಇರಿಸಿದರು. ಸಾವಿರಾರು ಸೈನಿಕರ ನಡುವೆ ಇಂಥ ಗುಟ್ಟನ್ನು ಕಾಪಾಡುವುದು ಸುಲಭದ ಮಾತಲ್ಲ. ಟಿಪ್ಪು ಬಂದು ಸೇನೆಯನ್ನು ಕೂಡಿಕೊಳ್ಳುವವರೆಗೂ ದಂಡು ಕದಲದೆ ನಿಂತಿತು.

ಕೋಲಾರದಲ್ಲಿ ಆ ದೇಹ ಉಳಿದದ್ದು ಸ್ವಲ್ಪ ಕಾಲ ಮಾತ್ರ. ಟಿಪ್ಪು ತಂದೆಗಾಗಿ ರಾಜಧಾನಿಯಾದ ಶ್ರೀರಂಗಪಟ್ಟಣದ ಲಾಲ್‌ಬಾಗಿನಲ್ಲಿ ಗುಂಬಜನ್ನು ಕಟ್ಟಿಸಿ ಅಲ್ಲಿಗೆ ಸಾಗಿಸಿದನು. 1784ರಲ್ಲಿ ಮುಗಿದ ಆ ಕಟ್ಟಡವು ಎತ್ತರವಾದ ಜಗತಿಯ ಮೇಲೆ ನಿಂತಿದೆ. ಸುತ್ತಲಿನ ಮೊಗಸಾಲೆಯನ್ನು ಹೊತ್ತಿರುವ 36 ಕರಿಗಲ್ಲಿನ ಕಂಬಗಳ ನುಣುಪು ಬೆರಗುಗೊಳಿಸುವಂಥದು. ನಡುವಣ ಚೌಕ ಕೋಣೆಯ ಮೇಲೆ ದುಂಡನೆಯ ಗುಮ್ಮಟವೂ ಮೂಲೆಗಳಲ್ಲಿ ಮಿನಾರುಗಳೂ ಇವೆ. ಒಳಗೋಡೆಗಳಿಗೆ ಬಳಿದಿರುವುದು ಹುಲಿಯ ಮೈಮೇಲಿನ ಪಟ್ಟೆಗಳ ಚಿತ್ತಾರ. ದಂತದ ಕುಸುರಿಯುಳ್ಳ ಬಾಗಿಲುಗಳು ಮಾತ್ರ ಟಿಪ್ಪುವಿನ ಕಾಲದವಲ್ಲ. ಅವು ಮುಂದೆ ಲಾರ್ಡ್ ಡಾಲ್‌ಹೌಸಿ ಕೊಟ್ಟವು. ಪಕ್ಕದಲ್ಲಿಯೇ ಮಸೀದಿ-ಎ-ಅಕ್ಸಾ ಇದೆ. ಹೀಗೆ ಗೋರಿಯ ಮಗ್ಗುಲಲ್ಲಿ ಪ್ರಾರ್ಥನೆಯ ಮನೆಯನ್ನು ಕಟ್ಟುವುದು ಆ ಕಾಲದ ಪದ್ಧತಿ.

ಟಿಪ್ಪುವಿನ ದೊಡ್ಡ ಮಸೀದಿ ಇದಲ್ಲ. ಕೋಟೆಯೊಳಗೆ ಬೆಂಗಳೂರು ಬಾಗಿಲಿನ ಸಮೀಪದಲ್ಲಿರುವ ಮಸೀದಿ-ಎ-ಆಲಾ ಅದಕ್ಕಿಂತ ಹಿರಿದು. ಎತ್ತರದ ನೆಲಗಟ್ಟನ್ನು ಮೆಟ್ಟಿಲೇರಿ ಹೋದರೆ ತೆರೆದ ಅಂಗಳ, ಅದರಾಚೆ ಪ್ರಾರ್ಥನಾಮಂದಿರ. ಈ ಮಂದಿರಕ್ಕೆ ಗುಮ್ಮಟವಿಲ್ಲ. ಅದರ ಸೊಬಗೆಲ್ಲ ಎರಡು ಮಿನಾರುಗಳಲ್ಲಿ ಅಡಗಿದೆ. ಎಂಟು ಮುಖಗಳ ಈ ಗೋಪುರಗಳ ಮೈಯಲ್ಲಿ ಸಾಲುಸಾಲಾಗಿ ಗೂಡುಗಳನ್ನು ಬಿಡಿಸಿದ್ದು, ಪಾರಿವಾಳಗಳು ಅಲ್ಲಿ ಸಂಸಾರ ಹೂಡುತ್ತವೆ. ಮೇಲೇರಲು ಒಳಗೆ ಸುತ್ತುಮೆಟ್ಟಿಲುಗಳಿವೆ. ದೂರದಿಂದ ಬರುವವರ ಕಣ್ಣಿಗೆ ರಂಗನಾಥನ ಗೋಪುರವೂ ಈ ಮಿನಾರುಗಳೂ ಒಂದೇ ಊರಿನ ಮೇಲೆ ತಲೆಯೆತ್ತಿ ನಿಂತಂತೆ ಕಾಣುತ್ತವೆ.

1799ರ ಮೇ 4ರಂದು ಕೋಟೆ ಬಿದ್ದಿತು. ಟಿಪ್ಪು ಕಾದಾಡಿ ಮಡಿದನು. ಮರುದಿನ ಅವನನ್ನು ಗುಂಬಜಿನೊಳಗೆ ತಂದೆತಾಯಿಯರ ಪಕ್ಕದಲ್ಲಿ ಮಣ್ಣು ಮಾಡಲಾಯಿತು. ತಾತನು ಮಾತ್ರ, ತಾನು ದಿಕ್ಕಿಲ್ಲದ ಹುಡುಗನಾಗಿ ಬೆಳೆದ ಕೋಲಾರದಲ್ಲಿಯೇ ಉಳಿದನು.