ಗೊಬ್ಬರ ಹಾಕಿದರೂ ಮೇವಿನ ಜೋಳ ಹಳದಿಯಾಗುವುದೇಕೆ?

ಸದಸ್ಯರೊಬ್ಬರು ಕರು ನೋಡಲು ಕರೆದವರು ಹೊಲವನ್ನೂ ತೋರಿಸಿದರು. "ನೋಡಿ ಡಾಕ್ಟ್ರೇ, ನಾಲ್ಕು ಗಾಡಿ ಗೊಬ್ಬರ ಹಾಕಿ ಮುಸುಕಿನ ಜೋಳ ಬಿತ್ತಿದೆ. ಗೊಬ್ಬರ ಸಾಲದ ಆ ಮೂಲೆ ಹಸಿರಾಗಿದೆ, ಹಾಕಿದ ಕಡೆ ಹಳದಿ!" ಮಣ್ಣು ಕೆದಕಿದರೆ ಉತ್ತರ ಕೈಗೇ ಸಿಕ್ಕಿತು. ಗೊಬ್ಬರದಲ್ಲಿದ್ದ ರಾಗಿ ಹುಲ್ಲಿನ ಎಳೆಗಳು ಕೊಳೆಯದೆ ಹಾಗೇ ಇದ್ದವು.

ಹಸುವಿನ ಹೊಟ್ಟೆಯನ್ನು ನೆನೆಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹುಲ್ಲಿನ ನಾರನ್ನು ಅರಗಿಸುವುದು ಹಸುವಲ್ಲ, ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಬರೀ ಒಣಹುಲ್ಲು ಹಾಕಿದರೆ ಅವಕ್ಕೆ ಸಾರಜನಕ ಸಾಲದು. ಅದಕ್ಕೇ ಜೊತೆಗೆ ಹಿಂಡಿ, ಹಸಿರು ಮೇವು ಬೇಕು. ಮಣ್ಣಿನಲ್ಲೂ ಹೀಗೆಯೇ. ಬೇರು ಸಗಣಿಯನ್ನಾಗಲಿ ಹುಲ್ಲನ್ನಾಗಲಿ ತಿನ್ನಲಾರದು. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಅದನ್ನು ಕೊಳೆಸಿ, ಅದರೊಳಗಿನ ಸಾರಜನಕವನ್ನು ಅಮೋನಿಯವಾಗಿ, ಅನಂತರ ನೈಟ್ರೇಟ್ ಆಗಿ ಮಾಡಿಕೊಟ್ಟಾಗಲೇ ಪೈರಿಗೆ ಊಟ. ಆದರೆ ಅವು ಮೊದಲು ತಮ್ಮ ಹೊಟ್ಟೆ ನೋಡಿಕೊಳ್ಳುತ್ತವೆ! ಒಂದು ಪಾಲು ಸಾರಜನಕಕ್ಕೆ ಇಂಗಾಲ ಸುಮಾರು 30 ಪಾಲು ಮೀರಿದರೆ, ಕೊರತೆಯನ್ನು ಮಣ್ಣಿನಿಂದಲೇ ತುಂಬಿಕೊಳ್ಳುತ್ತವೆ. ಒಣಹುಲ್ಲಿನಲ್ಲಿ ಇಂಗಾಲ ಇದಕ್ಕಿಂತ ಬಹಳ ಹೆಚ್ಚು. ಹಾಗೆ ಸೆಳೆದ ಸಾರಜನಕ ಎಲ್ಲೂ ಹೋಗಿರುವುದಿಲ್ಲ. ಆ ಜೀವಿಗಳು ಸತ್ತಂತೆ ಮಣ್ಣಿಗೆ ಮರಳುತ್ತದೆ. ಆದರೆ ಎರಡು, ಎರಡೂವರೆ ತಿಂಗಳಿಗೆ ಕೊಯ್ಲಾಗುವ ಮೇವು ಅಲ್ಲಿಯವರೆಗೆ ಕಾದೀತೇ?

ಆದ್ದರಿಂದ ಕೊಳೆಯುವ ಕೆಲಸ ತಿಪ್ಪೆಯಲ್ಲೇ ಮುಗಿಯಬೇಕು. ಹಸು ಹೊರಹಾಕುವ ಸಾರಜನಕದಲ್ಲಿ ಹೆಚ್ಚುಕಡಿಮೆ ಅರ್ಧ ಗಂಜಲದಲ್ಲಿರುತ್ತದೆ. ನಾವು ಅದನ್ನು ಚರಂಡಿಗೆ ಬಿಡುತ್ತೇವೆ. ಬೆಳಗ್ಗೆ ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟು ಗಾಳಿಗೆ ಹಾರಿಹೋಗುತ್ತಿರುವ ಗೊಬ್ಬರವೇ. ತಿಂದುಳಿದ ಹುಲ್ಲನ್ನು ರಾಸುಗಳ ಕೆಳಗೆ ಹರಡಿ, ಗಂಜಲ ಹೀರಿದ ಮೇಲೆ ಸಗಣಿಯೊಂದಿಗೆ ದಿನವೂ ಗುಂಡಿಗೆ ಹಾಕಿ, ಮೇಲೆ ತೆಳುವಾಗಿ ಮಣ್ಣೆಳೆಯಿರಿ. ತೇವ ಆರಬಾರದು, ಮಳೆ ನೀರೂ ನಿಲ್ಲಬಾರದು. ಹುಲ್ಲಿನ ಗುರುತು ಸಿಗದಂತಾಗಿ, ಬಿಸಿ ಆರಿ, ಮಣ್ಣಿನ ವಾಸನೆ ಬಂದಾಗ ಗೊಬ್ಬರ ತಯಾರು.

ಈಗಾಗಲೇ ಹಳದಿಯಾದ ಪೈರಿಗೆ, ನೆಲದಲ್ಲಿ ತೇವವಿದ್ದಾಗ ಶಿಫಾರಸಿನಷ್ಟೇ ಯೂರಿಯಾ ಮೇಲುಗೊಬ್ಬರವಾಗಿ ಕೊಡಿ. ಗಾಬರಿಯಿಂದ ಹೆಚ್ಚು ಸುರಿಯಬೇಡಿ. ಯೂರಿಯಾ ಹೆಚ್ಚಾಗಿ ಮಳೆ ಕೈಕೊಟ್ಟರೆ ನೈಟ್ರೇಟ್ ದಂಟಿನಲ್ಲಿ, ಅದರಲ್ಲೂ ಬುಡದಲ್ಲಿ, ಶೇಖರವಾಗುತ್ತದೆ. ರೂಮೆನ್ನಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ರಕ್ತ ಕಂದುಬಣ್ಣಕ್ಕೆ ತಿರುಗಿ, ಉಸಿರು ಕಟ್ಟಿ, ಕೆಲವೇ ಗಂಟೆಗಳಲ್ಲಿ ರಾಸು ಸಾಯಬಹುದು. ಒಣಗಿಸಿದರೂ ಈ ವಿಷ ಹೋಗದು. ಅಂತಹ ಮೇವನ್ನು ಹಸಿದ ರಾಸುಗಳ ಮುಂದೆ ಹಾಕಬೇಡಿ. ತಿಂದ ಮೇಲೆ ರಾಸು ತೂರಾಡಿದರೆ, ಬಾಯೊಳಗೆ ಕಂದುಬಣ್ಣ ಕಂಡರೆ, ಮನೆಮದ್ದು ಮಾಡುತ್ತ ಕೂರದೆ ಕೂಡಲೇ ಪಶುವೈದ್ಯರನ್ನು ಕರೆಸಿ.